ಸೈಕ್ಲೋನ್‌ಗೆ ಹೆಸರಿಟ್ಟ ಕ್ಯಾಪ್ಟನ್

ಸೈಕ್ಲೋನ್ ಅನ್ನೋ ಪದ ಹುಟ್ಟಿದ್ದು ಕಲ್ಕತ್ತಾದಲ್ಲಿ ಅಂತ ನಂಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ. ಅದನ್ನು ಕೊಟ್ಟವರು ಹೆನ್ರಿ ಪಿಡಿಂಗ್ಟನ್. 1797ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಹಡಗಿನ ಕ್ಯಾಪ್ಟನ್ ಆಗಿ ಸಮುದ್ರ ಸುತ್ತಿ, ಆಮೇಲೆ ಕಲ್ಕತ್ತಾದಲ್ಲಿ ನೆಲೆಸಿದವರು.

1839ರ ಹೊತ್ತಿಗೆ ಅವರಿಗೆ ಬಿರುಗಾಳಿಯ ಹುಚ್ಚು ಹಿಡೀತು. ಆಗ ಸ್ಯಾಟಲೈಟ್ ಇಲ್ಲ, ರಾಡಾರ್ ಇಲ್ಲ. ಬಿರುಗಾಳಿಗೆ ಸಿಕ್ಕಿ ಪಾರಾದ ಹಡಗುಗಳ ಲಾಗ್‌ಬುಕ್ ತರಿಸ್ಕೊಂಡು, ಗಾಳಿ ಎಷ್ಟು ಗಂಟೆಗೆ ಯಾವ ಕಡೆಯಿಂದ ಬೀಸ್ತು, ಬ್ಯಾರೋಮೀಟರ್ ಎಷ್ಟು ಇಳೀತು ಅಂತ ಒಂದೊಂದಾಗಿ ಹೋಲಿಸ್ತಿದ್ರು. ಬಂಗಾಳ ಕೊಲ್ಲಿಯಲ್ಲೂ ಗಾಳಿ ಸುತ್ತುತ್ತಲೇ ಸಾಗುತ್ತೆ ಅನ್ನೋದು ಹೀಗೆ ಖಚಿತವಾಯ್ತು. 1848ರಲ್ಲಿ ನಾವಿಕರಿಗಾಗಿ ಒಂದು ಪುಸ್ತಕ ಬರೆದ್ರು. ಗ್ರೀಕ್ ಭಾಷೆಯ ಹಾವಿನ ಸುರುಳಿಯಿಂದ ಸೈಕ್ಲೋನ್ ಅಂತ ಹೆಸರಿಟ್ಟಿದ್ದು ಅದರಲ್ಲೇ. ಜೊತೆಗೆ ಕೊಂಬಿನಿಂದ ಮಾಡಿದ ಪಾರದರ್ಶಕ ಹಾಳೆಗಳೂ ಇದ್ವು. ಮ್ಯಾಪ್ ಮೇಲಿಟ್ರೆ ಬಿರುಗಾಳಿಯ ಕೇಂದ್ರ ಎಲ್ಲಿದೆ ಅಂತ ಅಂದಾಜು ಸಿಗ್ತಿತ್ತು. ಒಂಥರಾ ಆ ಕಾಲದ ಆ್ಯಪ್!

ನಮ್ಮ ಥರ್ಮೋ ಕ್ಲಾಸಿನ ಲೇಟೆಂಟ್ ಹೀಟೇ ಸೈಕ್ಲೋನಿನ ಇಂಧನ. ಬೆಚ್ಚಗಿನ ಸಮುದ್ರದ ಆವಿ ಮೇಲೇರಿ ಮೋಡ ಆಗುವಾಗ ಅದು ಬಿಡುಗಡೆಯಾಗುತ್ತೆ. ನೆಲ ಮುಟ್ಟಿದ್ಮೇಲೆ ಆವಿಯ ಸಪ್ಲೈ ಕಟ್, ಮೇಲಿಂದ ನೆಲದ ಘರ್ಷಣೆ ಬೇರೆ. ಕಣ್ಣಿನ ಸುತ್ತ ಗೋಡೆ ಥರ ನಿಂತಿದ್ದ ಮೋಡಗಳು ಚದುರೋಕೆ ಶುರುವಾಗುತ್ತವೆ, ಮಳೆ ಮಾತ್ರ ಒಳನಾಡಿನಲ್ಲೂ ಸುರೀತಾ ಹೋಗಬಹುದು. ಆದ್ರೆ ಹಾಗೆ ಸೊರಗೋ ಮುಂಚೆ ಅದು ಸಮುದ್ರವನ್ನೇ ದಡಕ್ಕೆ ತಳ್ಳಿರುತ್ತೆ. ಪಿಡಿಂಗ್ಟನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1839ರ ನವೆಂಬರಿನಲ್ಲಿ ಈಗಿನ ಆಂಧ್ರ ಕರಾವಳಿಯ ಕೋರಿಂಗ ಬಂದರನ್ನು ನೀರು ನುಂಗಿದಾಗ ಅದರ ವರದಿ ಬರೆದವರು ಅವರೇ.

ಹಾಗಾಗಿ ಕಲ್ಕತ್ತಾದ ದಕ್ಷಿಣಕ್ಕೆ, ಮಾತ್ಲಾ ನದಿ ದಡದಲ್ಲಿ ಹೊಸ ಬಂದರು ಕಟ್ಟೋ ಯೋಚನೆ ಕೇಳಿ ಸುಮ್ನೆ ಇರೋಕಾಗ್ಲಿಲ್ಲ. 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೇ ಬಹಿರಂಗ ಪತ್ರ ಬರೆದ್ರು: ಒಂದಲ್ಲ ಒಂದು ದಿನ ಬಿರುಗಾಳಿಯ ಉಪ್ಪುನೀರು ಆ ಊರಿಗೆ ನುಗ್ಗುತ್ತೆ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. 1858ರಲ್ಲಿ ಅವರು ತೀರಿಕೊಂಡ್ರು. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು, ರೈಲೂ ಬಂತು.

1867ರ ನವೆಂಬರಿನಲ್ಲಿ ಸೈಕ್ಲೋನ್ ಬಂತು. ಸಮುದ್ರದ ನೀರು ಊರೊಳಗೆ ನುಗ್ಗಿ ಬಂದರು ಹಾಳಾಯ್ತು, ಆಮೇಲೆ ಅದನ್ನು ಕೈಬಿಟ್ರು. ಆ ರೈಲು ಮಾರ್ಗದಲ್ಲಿ ಈಗಲೂ ಕ್ಯಾನಿಂಗ್ ಲೋಕಲ್ ಓಡುತ್ತೆ.