ರಾವಣನ ವೇಷದ ನಾಗೇಂದ್ರರಾಯರು

ಸಿನಿಮಾ ಅಂದ ಕೂಡಲೆ ನಾವು ಕೇಳೋದು ಹೀರೋ ಯಾರು ಅಂತ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರದ ಮಾತು ಬಂದಾಗ ಮಾತ್ರ ರಾವಣ ಯಾರು ಅಂತಲೂ ಕೇಳಬೇಕು. ಆ ರಾವಣ ಆರ್. ನಾಗೇಂದ್ರರಾಯರು.

1896ರಲ್ಲಿ ಹುಟ್ಟಿದ ರಾಯರು ಹುಡುಗರಾಗಿದ್ದಾಗಲೇ ಬಣ್ಣ ಹಚ್ಚಿದವರು. ಗುಬ್ಬಿ ಕಂಪನಿಯಲ್ಲೂ ದುಡಿದರು. ವಾಕ್ಚಿತ್ರ ಬಂದ ಹೊಸದರಲ್ಲಿ ನಮ್ಮ ಈ ಮುಂಬಯಿಗೆ ಬಂದು ತಮಿಳು ಚಿತ್ರದಲ್ಲಿ ಅಭಿನಯಿಸಿದರು. ಪಾಪ, ಇನ್ನೇನು ಮಾಡಿಯಾರು? ಕನ್ನಡದಲ್ಲಿ ಮಾತಾಡುವ ಚಿತ್ರವೇ ಆಗಿನ್ನೂ ಇರಲಿಲ್ಲ! 1932ರಲ್ಲಿ ಸುಬ್ಬಯ್ಯ ನಾಯ್ಡು ಅವರೊಡನೆ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿದರು.

ಆಮೇಲೆ 'ಸತಿ ಸುಲೋಚನ'. ಇದರ ಚಿತ್ರೀಕರಣ ಎಲ್ಲಿ ಗೊತ್ತೆ? ಕೊಲ್ಹಾಪುರದಲ್ಲಿ. ಡೊಂಬಿವಲಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಗುವ ಊರು. ಕನ್ನಡ ಚಿತ್ರಕ್ಕೆ ಮಾತು ಬಂದದ್ದು ಮರಾಠಿ ನೆಲದಲ್ಲಿ ಅನ್ನೋದನ್ನ ಇಲ್ಲಿನ ಕನ್ನಡದ ಹುಡುಗರು ಮರೆಯಬಾರದು. ನಿರ್ದೇಶಕರು ವೈ. ವಿ. ರಾವ್, ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ನಾಯ್ಡು ಅವರದು ಇಂದ್ರಜಿತು, ತ್ರಿಪುರಾಂಬ ಅವರದು ಸುಲೋಚನೆ. ಹಿನ್ನೆಲೆ ಗಾಯನ ಇಲ್ಲದ ಕಾಲ ಅದು. ಹಾಡಬೇಕಾದವರು ಕ್ಯಾಮರಾ ಎದುರೇ ಹಾಡಬೇಕು, ತಪ್ಪಿದರೆ ಮತ್ತೆ ಮೊದಲಿಂದ. ಕಡೆಯ ಸಾಲಿನ ಚಾಪೆಯವನಿಗೂ ಕೇಳಿಸುವ ಹಾಗೆ ಕೂಗಿ ಪಳಗಿದ ಕಂಪನಿ ನಟರಿಗೆ ಕೈಯಳತೆಯಲ್ಲಿರುವ ಮೈಕು ಹೊಸ ಪಾಠವೇ ಸರಿ. ರಾಯರು ಸಾಲದ್ದಕ್ಕೆ ಸಂಗೀತದ ಹೊಣೆಯನ್ನೂ ಹೊತ್ತಿದ್ದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಚಿತ್ರ ತೆರೆ ಕಂಡಿತು.

ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಆ ರಾವಣನನ್ನು ನಾವು ಯಾರೂ ಇನ್ನು ನೋಡುವ ಹಾಗಿಲ್ಲ. ನಾಟಕ ಒಂದು ರಾತ್ರಿಗೆ ಮುಗಿಯುತ್ತೆ, ಸಿನಿಮಾ ಉಳಿಯುತ್ತೆ ಅಂತಾರಲ್ಲ, ಎಲ್ಲಿ ಉಳಿಯಿತು?

'ವಸಂತಸೇನಾ'ದಲ್ಲಿ ರಾಯರು ಶಕಾರನಾದರು. ಚಾರುದತ್ತ ಮತ್ತೆ ನಾಯ್ಡು ಅವರೇ. 1943ರ 'ಸತ್ಯ ಹರಿಶ್ಚಂದ್ರ'ವನ್ನು ತಾವೇ ನಿರ್ದೇಶಿಸಿದರೂ ಹರಿಶ್ಚಂದ್ರನ ಪಾತ್ರ ಗೆಳೆಯನಿಗೇ ಹೋಯಿತು. ನಾಯಕನ ಪಟ್ಟಕ್ಕೆ ಆಸೆಪಟ್ಟವರಲ್ಲ ಅನ್ನಿಸುತ್ತೆ. 1957ರ 'ಪ್ರೇಮದ ಪುತ್ರಿ' ರಾಷ್ಟ್ರಪ್ರಶಸ್ತಿ ಪಡೆಯಿತು. ಅದಕ್ಕೆ ಹಾಡು ಬರೆದವರು ಮಗ ಜಯಗೋಪಾಲ್.

ಕೊನೆಗೆ 1968ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತ್ರಿವೇಣಿಯವರ ಕಾದಂಬರಿ ಆಧರಿಸಿದ 'ಹಣ್ಣೆಲೆ ಚಿಗುರಿದಾಗ' ಬಂತು. ರಾಜಕುಮಾರ್, ಕಲ್ಪನಾ ಇದ್ದರೂ ಕತೆ ನಿಂತಿರೋದು ವಿಧವೆ ಮಗಳ ತಂದೆಯಾದ ಈ ಮುದುಕನ ಮೇಲೆ. ರಾಯರು 1977ರಲ್ಲಿ ತೀರಿಕೊಂಡರು. ರಾವಣ ಸಿಗದಿದ್ದರೂ ಈ ಮುದುಕ ಸಿಗುತ್ತಾನೆ, ನೋಡಿ.