ಶಾಲೆಯನ್ನು ಅಂಗಳಕ್ಕೆ ಒಯ್ದ ತಾರಾಬಾಯಿ ಮೋಡಕ್

ರಜೆಗೆಂದು ಊರಿಗೆ ಹೋದಾಗ ನಾವೆಲ್ಲರೂ ಅಂಗನವಾಡಿಯನ್ನು ಕಂಡವರೇ. ಹನುಮಂತರಾಯನ ಗುಡಿಯ ಮಗ್ಗುಲಲ್ಲೋ, ಹಳೆಯ ಚಾವಡಿಯಲ್ಲೋ ಹತ್ತಿಪ್ಪತ್ತು ಮಕ್ಕಳು ಚಾಪೆಯ ಮೇಲೆ ಕುಳಿತು ಹಾಡು ಹೇಳುತ್ತಿರುತ್ತವೆ. ಆ ಹೆಸರು ನಮ್ಮ ಅಂಗಳ ಎಂಬ ಮಾತಿಗೆ ಎಷ್ಟು ಹತ್ತಿರವಾಗಿದೆಯೆಂದರೆ ಅದು ಕನ್ನಡದ್ದೇ ಎಂದು ನಾವು ಬಹುಕಾಲ ತಿಳಿದಿದ್ದೆವು. ಆದರೆ ಅದರ ಬೇರು ಇರುವುದು, ನಾವು ಹೊಟ್ಟೆಪಾಡಿಗೆಂದು ಬಂದು ನೆಲೆಸಿರುವ ಈ ಮುಂಬಯಿಯಿಂದ ಕೆಲವೇ ತಾಸುಗಳ ರೈಲುದಾರಿಯಲ್ಲಿರುವ ಬೋರ್ಡಿ ಎಂಬ ಕಡಲತಡಿಯ ಹಳ್ಳಿಯಲ್ಲಿ. ಆ ಬೇರಿಗೆ ನೀರೆರೆದವರು ತಾರಾಬಾಯಿ ಮೋಡಕ್.

ತಾರಾಬಾಯಿಯವರು ಹುಟ್ಟಿದ್ದು 1892ರಲ್ಲಿ, ಮುಂಬಯಿಯಲ್ಲಿ. ತಂದೆ ಸದಾಶಿವ ಕೇಳ್ಕರರು ಪ್ರಾರ್ಥನಾ ಸಮಾಜದವರು. ಹೆಣ್ಣುಮಕ್ಕಳಿಗೆ ಓದು ಬರಹವೇ ಅಪರೂಪವಾಗಿದ್ದ ಆ ಕಾಲದಲ್ಲಿ, 1914ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಅಮರಾವತಿಯ ವಕೀಲರೊಬ್ಬರ ಕೈಹಿಡಿದರು. ಆ ದಾಂಪತ್ಯ ಬಹುಕಾಲ ನಿಲ್ಲಲಿಲ್ಲ. ಗಂಡನನ್ನು ಅಗಲಿದ ಹೆಂಗಸನ್ನು ಜನ ಹೇಗೆ ಕಾಣುತ್ತಿದ್ದರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವರು ತವರಿನ ಮೂಲೆ ಸೇರಲಿಲ್ಲ. ರಾಜಕೋಟೆಯ ಬಾರ್ಟನ್ ಮಹಿಳಾ ತರಬೇತಿ ಕಾಲೇಜಿನಲ್ಲಿ ಪ್ರಾಂಶುಪಾಲರಾದರು.

ಸಂಬಳವೂ ಗೌರವವೂ ಉಳ್ಳ ಆ ಕೆಲಸವನ್ನು ಅವರು 1923ರ ಸುಮಾರಿಗೆ ಬಿಟ್ಟುಕೊಟ್ಟರು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬವರು ವಕೀಲಿಯನ್ನು ತೊರೆದು, 1920ರಲ್ಲಿ ಎಳೆಯರಿಗಾಗಿ ಬಾಲಮಂದಿರವೊಂದನ್ನು ತೆರೆದಿದ್ದರು. ಅಲ್ಲಿ ಬೆತ್ತವಿಲ್ಲ, ಬೈಗುಳವಿಲ್ಲ. ಇಟಲಿಯ ಮಾಂಟೆಸರಿಯವರ ಪದ್ಧತಿಯಂತೆ ಮಗು ತನ್ನ ಕೈಯಿಂದಲೇ ಮಾಡಿ, ಮುಟ್ಟಿ, ಆಡಿ ಕಲಿಯುತ್ತಿತ್ತು. ತಾರಾಬಾಯಿಯವರು ಅಲ್ಲಿ ಸೇರಿ ಗಿಜುಭಾಯಿಯವರ ಬಲಗೈಯಾದರು. 1926ರಲ್ಲಿ ಇಬ್ಬರೂ ಕೂಡಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. ಮುಂದೆ ಮುಂಬಯಿಗೆ ಮರಳಿದ ತಾರಾಬಾಯಿಯವರು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು.

ಇಲ್ಲಿಗೇ ನಿಂತಿದ್ದರೂ ಅವರ ಬಾಳು ಸಾರ್ಥಕವೇ. ಆದರೆ ಅವರ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಇಂಥ ಶಾಲೆಗಳಿಗೆ ಬರುತ್ತಿದ್ದವರು ಹೆಚ್ಚಾಗಿ ಉಳ್ಳವರ ಮಕ್ಕಳು. ಮಾಂಟೆಸರಿ ಸಾಧನಗಳು ದುಬಾರಿ. ಕೂಲಿಯವನ ಮಗುವಿಗೆ ಈ ವಿದ್ಯೆ ಎಟುಕುವುದೆಂತು? ಗಾಂಧೀಜಿಯವರ ಗ್ರಾಮಶಿಕ್ಷಣದ ವಿಚಾರಗಳೂ ಅವರನ್ನು ಹಳ್ಳಿಯ ಕಡೆಗೆ ಎಳೆಯುತ್ತಿದ್ದವು. 1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಬೋರ್ಡಿಗೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಬಾಲ್ಯದಲ್ಲೇ ವಿಧವೆಯಾಗಿ, ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅವರ ಜೊತೆಗೂಡಿದರು.

ಬಾಲವಾಡಿಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೂ ಹರಿಜನ ಕೇರಿಯ ಮಕ್ಕಳು ಬರಲಿಲ್ಲ. ಬಾಗಿಲು ತೆರೆದಿಟ್ಟಿದ್ದೇವೆ, ಬಾರದಿದ್ದರೆ ಅವರ ಹಣೆಬರಹ ಎಂದು ಸುಮ್ಮನಿರಬಹುದಾಗಿತ್ತು. ನಾವಾಗಿದ್ದರೆ ಬಹುಶಃ ಹಾಗೆಯೇ ಮಾಡುತ್ತಿದ್ದೆವು. ತಾರಾಬಾಯಿಯವರು ತಪ್ಪನ್ನು ಮಕ್ಕಳ ಮೇಲೆ ಹೊರಿಸಲಿಲ್ಲ. ಶಾಲೆಯನ್ನೇ ಎತ್ತಿಕೊಂಡು ಕೇರಿಗೆ ನಡೆದರು. ಅಲ್ಲಿಯ ಅಂಗಳವನ್ನು ಗುಡಿಸಿ, ಮಕ್ಕಳ ಕೈಕಾಲು ತೊಳೆದು, ತಲೆ ಬಾಚಿ, ಅಲ್ಲೇ ಹಾಡು, ಕಥೆ, ಆಟಗಳನ್ನು ಮೊದಲಿಟ್ಟರು. ದುಬಾರಿ ಸಾಧನಗಳ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಮಣ್ಣು, ಕಲ್ಲುಹರಳು ಬಂದವು. ಇದೇ ಅಂಗಣ ಬಾಲವಾಡಿ.

ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಅಗ್ಗದ ಸಾಮಗ್ರಿಯೆಂದರೆ ಅಗ್ಗದ ಶಿಕ್ಷಣವಲ್ಲ. ಕಪ್ಪೆಚಿಪ್ಪನ್ನು ಎಣಿಸುವ ಮಗು ಮರದ ಮಣಿಯನ್ನು ಎಣಿಸುವ ಮಗುವಿನಷ್ಟೇ ಲೆಕ್ಕವನ್ನು ಕಲಿಯುತ್ತದೆ. ಆದರೆ ಅದನ್ನು ಕಲಿಸಬಲ್ಲ ನುರಿತ ಕೈ ಬೇಕು. ಆದ್ದರಿಂದಲೇ ಅವರು ಬಾಲಸೇವಿಕೆಯರ ತರಬೇತಿಗೆ ಅಷ್ಟೊಂದು ಶ್ರಮಿಸಿದರು.

1957ರಲ್ಲಿ ಅವರು ಬೋರ್ಡಿಯ ಸಮೀಪದ ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋದರು. ಅಲ್ಲಿ ದೊಡ್ಡ ಮಕ್ಕಳು ಶಾಲೆಗೆ ಬಾರದಿರಲು ಕಾರಣ ಮನೆಯ ಹಸುಗೂಸುಗಳು. ತಾಯಿ ಕೂಲಿಗೆ ಹೋದರೆ ಕೂಸನ್ನು ನೋಡುವವರು ಯಾರು? ಅದಕ್ಕಾಗಿ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿ ವಿಕಾಸವಾಡಿಯನ್ನು ಮಾಡಿದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. 1962ರಲ್ಲಿ ಸರ್ಕಾರ ಅವರಿಗೆ ಪದ್ಮಭೂಷಣವನ್ನಿತ್ತಿತು. 1973ರಲ್ಲಿ ಅವರು ತೀರಿಕೊಂಡರು. ಅನುತಾಯಿಯವರು ಆ ಕೆಲಸವನ್ನು ಮುಂದೆ ನಡೆಸಿದರು.

ಎರಡೇ ವರ್ಷಗಳ ಮೇಲೆ, 1975ರ ಅಕ್ಟೋಬರ್ 2ರಂದು, ಭಾರತ ಸರ್ಕಾರ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಯೋಗಕ್ಕಿಟ್ಟಿತು. ಅದರ ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, 100 ಕೇಂದ್ರಗಳೊಡನೆ. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ.

ಬ್ಯಾಂಕಿನ ಗುಮಾಸ್ತರಾದ ನಮಗೆ ಅಂಕಿಗಳೆಂದರೆ ಸಂತೋಷವೇ. ಆದರೆ ಖಾತೆಗಳ ಸಂಖ್ಯೆ ಬೇರೆ, ಖಾತೆಯಲ್ಲಿರುವ ಹಣ ಬೇರೆ ಎಂಬುದನ್ನೂ ನಾವು ಬಲ್ಲೆವು. ಮಗುವಿನ ಮೊದಲ ಗುರುವಾದ ಅಂಗನವಾಡಿ ಕಾರ್ಯಕರ್ತೆಗೆ ಇಂದಿಗೂ ದೊರೆಯುವುದು ಸಂಬಳವಲ್ಲ, ಗೌರವಧನ. ತಾರಾಬಾಯಿಯವರ ಲೆಕ್ಕದಲ್ಲಿ ಬೀಜ, ಕಪ್ಪೆಚಿಪ್ಪುಗಳಿಗೆ ಖರ್ಚು ಕಡಿಮೆಯಿರಬಹುದಾಗಿತ್ತು, ಕಲಿಸುವವಳ ತರಬೇತಿಗೆ ಅಲ್ಲ. ಆ ಬಾಕಿಯನ್ನು ನಾವಿನ್ನೂ ತೀರಿಸಿಲ್ಲ.

ಕಲಬುರಗಿ, ಯಾದಗಿರಿ ಸೀಮೆಗಳಿಂದ ಕಟ್ಟಡದ ಕೆಲಸಕ್ಕೆ ಈ ನಗರಕ್ಕೆ ಬಂದವರೂ ನಮ್ಮವರೇ. ಅವರ ಮಕ್ಕಳು ಮರಳಿನ ರಾಶಿಯ ಮೇಲೆ ಕನ್ನಡದಲ್ಲೇ ಆಡಿಕೊಂಡಿರುತ್ತವೆ. ಅವು ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬರುವುದಿಲ್ಲ. ನಮ್ಮ ಬಾಗಿಲೇನೋ ತೆರೆದೇ ಇದೆ. ತಾರಾಬಾಯಿಯವರಾಗಿದ್ದರೆ ಬಾಗಿಲಲ್ಲಿ ಕಾಯುತ್ತಿರಲಿಲ್ಲ. ನಮ್ಮ ಸಭಾಗೃಹ ಹಗಲೆಲ್ಲ ಖಾಲಿಯಿರುತ್ತದೆ, ವಾರಕ್ಕೆರಡು ದಿನ ಬಿಡುವಿರುವ ತಾಯಂದಿರೂ ನಮ್ಮಲ್ಲಿದ್ದಾರೆ. ಈ ಸಲದ ಉತ್ಸವದ ತೋರಣವನ್ನು ಬಿಚ್ಚುವ ಮೊದಲು ನಾವು ಆ ಮರಳಿನ ರಾಶಿಯ ತನಕ ಒಮ್ಮೆ ನಡೆದು ಬರೋಣ.