ಚರ್ಯೆಯೇ ಗುರುವಿನ ಗುರುತು: ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರ ಜೀವನ

ದೇವ, ಶಾಸ್ತ್ರ, ಗುರು ಈ ಮೂವರಲ್ಲಿ ಶ್ರದ್ಧೆಯಿಡುವುದು ಸಮ್ಯಗ್ದರ್ಶನದ ಮೊದಲ ಮೆಟ್ಟಿಲೆಂದು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದ್ದೇವೆ. ದೇವರ ದರ್ಶನ ಬಸದಿಯಲ್ಲಿ ಆಗುತ್ತದೆ. ಶಾಸ್ತ್ರವು ವ್ಯಾಸಪೀಠದ ಮೇಲೆ ನಮಗಾಗಿ ಕಾದಿರುತ್ತದೆ. ಗುರುಗಳಾದರೋ ನಡೆದು ನಮ್ಮ ಮನೆಯ ಬಾಗಿಲಿಗೇ ಬರುತ್ತಾರೆ. ಹಾಗೆ ಬಂದವರನ್ನು ಗುರುಗಳೆಂದು ಅರಿಯುವ ಬಗೆ ಯಾವುದು? ವೇಷವನ್ನು ಕಂಡ ಮಾತ್ರಕ್ಕೆ ಶರಣಾದರೆ ಅದು ಗುರುಮೂಢತೆ. ವಿಚಾರಿಸದೆ ಸಂಶಯಪಟ್ಟು ದೂರ ನಿಂತರೆ ಅದು ಅವಿನಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುರುವಿನ ಲಕ್ಷಣವನ್ನು ಹೇಳುವಾಗ ಆಸೆ-ಪರಿಗ್ರಹಗಳನ್ನು ತೊರೆದ ಬಾಳನ್ನೇ ಮುಂದಿಟ್ಟಿದ್ದಾರೆ. ಆ ಲಕ್ಷಣವು ನಮ್ಮ ಹಿರಿಯರ ಕಾಲದಲ್ಲಿ ಒಬ್ಬ ಮಹಾಪುರುಷರಲ್ಲಿ ಹೇಗೆ ಪ್ರತ್ಯಕ್ಷವಾಯಿತೆಂಬುದನ್ನು ಸ್ಮರಿಸುವುದೇ ಈ ಬರಹದ ಉದ್ದೇಶ. ಅವರೇ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು.

ಬೆಳಗಾವಿ ಜಿಲ್ಲೆಯ ಭೋಜ ಗ್ರಾಮವು ದೂಧಗಂಗಾ-ವೇದಗಂಗಾ ನದಿಗಳ ಸಂಗಮದ ಬಳಿಯಿರುವ ಊರು. ಅಲ್ಲಿಯ ಪಾಟೀಲ ಮನೆತನದ ಭೀಮಗೌಡರು ಮತ್ತು ಸತ್ಯವತಿಯವರ ಪುತ್ರರಾಗಿ, ತಾಯಿಯ ತವರೂರಾದ ಯಳಗೂಡಿನಲ್ಲಿ ೧೮೭೨ರಲ್ಲಿ ಇವರು ಜನಿಸಿದರು. ಸಾತಗೌಡ ಎಂಬುದು ಹೆತ್ತವರು ಇಟ್ಟ ಹೆಸರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಬಾಲವಧುವು ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡಳು. ಮುಂದೆ ಹಿರಿಯರು ಎಷ್ಟು ಒತ್ತಾಯಿಸಿದರೂ ಸಾತಗೌಡರು ಮರುವಿವಾಹಕ್ಕೆ ಒಪ್ಪಲಿಲ್ಲ.

ಶಾಲೆಯ ಓದು ಅವರಿಗೆ ದೊರೆತದ್ದು ಅಲ್ಪ. ಮನೆತನಕ್ಕೆ ಹೊಲವೂ ಬಟ್ಟೆಯ ಅಂಗಡಿಯೂ ಇದ್ದವು. ಅಂಗಡಿಯಲ್ಲಿ ಕುಳಿತ ದಿನ ಅವರು ಕೊಳ್ಳಲು ಬಂದವರಿಗೇ ಬಟ್ಟೆಯನ್ನು ಅಳೆದುಕೊಂಡು ಲೆಕ್ಕ ಬರೆದಿಡಲು ಹೇಳುತ್ತಿದ್ದರಂತೆ. ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯುವ ನೀರನ್ನೂ ಇಡುತ್ತಿದ್ದರೆಂದು ಆ ಸೀಮೆಯ ಜನ ಹೇಳುತ್ತಾರೆ. ಭೋಜಕ್ಕೆ ಮುನಿಗಳು ಬಂದಾಗ ಅವರನ್ನು ತಮ್ಮ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂಬ ಮಾತೂ ಪ್ರಸಿದ್ಧವಾಗಿದೆ. ತಾವು ಮುನಿಯಾಗುವುದಕ್ಕೆ ಬಹಳ ಮೊದಲೇ ಅವರು ಗುರುವನ್ನು ಹೊರಬಲ್ಲ ಶ್ರಾವಕರಾಗಿದ್ದರು.

ವೈರಾಗ್ಯವು ಬಹು ಹಿಂದೆಯೇ ಮೂಡಿದ್ದರೂ ತಂದೆತಾಯಿಗಳ ಮನಸ್ಸನ್ನು ನೋಯಿಸಿ ಹೊರಡುವುದು ಅವರಿಗೆ ಸಮ್ಮತವಾಗಲಿಲ್ಲ. ಅವರ ಸೇವೆ ಮಾಡುತ್ತ, ಮನೆಯಲ್ಲಿದ್ದುಕೊಂಡೇ ವ್ರತಗಳನ್ನು ಒಂದೊಂದಾಗಿ ಹೆಚ್ಚಿಸಿಕೊಂಡರು. ಹೆತ್ತವರ ಕಾಲಾನಂತರ, ನಲವತ್ತು ದಾಟಿದ ಮೇಲೆ, ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯನ್ನು ಪಡೆದರು.

ಆ ಕಾಲದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ದಕ್ಷಿಣದಲ್ಲಿ ನಿರ್ಗ್ರಂಥ ಮುನಿಗಳ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಅನೇಕ ಶತಮಾನಗಳ ಪ್ರತಿಕೂಲ ಪರಿಸ್ಥಿತಿಯಿಂದ ಮುನಿಚರ್ಯೆಯಲ್ಲಿ ಕೆಲವು ಸಡಿಲಿಕೆಗಳು ಸೇರಿಕೊಂಡಿದ್ದವು. ಆಹಾರವು ಯಾರ ಮನೆಯಲ್ಲಿ ಆಗಬೇಕೆಂಬುದನ್ನು ಊರಿನ ಉಪಾಧ್ಯಾಯರು ಮೊದಲೇ ಗೊತ್ತುಮಾಡುವುದು, ತ್ಯಾಗಿಗಳು ನೇರವಾಗಿ ಆ ಮನೆಗೆ ಹೋಗಿ ಆಹಾರ ಸ್ವೀಕರಿಸುವುದು ವಾಡಿಕೆಯಾಗಿತ್ತು. ಯಾರಲ್ಲಿಯೂ ಕೆಟ್ಟ ಭಾವನೆ ಇರಲಿಲ್ಲ. ಇದೇ ವಿಧಿಯೆಂದು ಎಲ್ಲರೂ ನಂಬಿದ್ದರು.

ನೂತನ ಕ್ಷುಲ್ಲಕರು ಇದನ್ನು ಒಪ್ಪಲಿಲ್ಲ. ತ್ಯಾಗಿಗಾಗಿಯೇ ಮಾಡಿಸಿದ ಆಹಾರದಲ್ಲಿ ಉದ್ದಿಷ್ಟ ದೋಷವಿದೆ, ಗೊತ್ತುಮಾಡಿದ ಮನೆಗೆ ಹೋಗುವುದು ಭಿಕ್ಷಾಚರ್ಯೆಯಾಗದು ಎಂಬುದು ಅವರು ಶಾಸ್ತ್ರದಿಂದ ತಿಳಿದಿದ್ದ ಸಂಗತಿ. ಅವರು ಮೌನವಾಗಿ ಊರಿನ ಬೀದಿಯಲ್ಲಿ ನಡೆದರು. ಶ್ರಾವಕರಿಗೆ ಪ್ರತಿಗ್ರಹಣದ ಕ್ರಮವೇ ಮರೆತುಹೋಗಿತ್ತು. ಬಾಗಿಲಲ್ಲಿ ನಿಂತು ಸ್ವಾಗತಿಸುವವರಿಲ್ಲದೆ ಅವರು ಹಿಂತಿರುಗಿ ಉಪವಾಸ ಮಾಡಿದರು. ಮರುದಿನವೂ ಮತ್ತೆ ಅದೇ ನಡಿಗೆ, ಅದೇ ಉಪವಾಸ. ಅವರು ಯಾರನ್ನೂ ದೂಷಿಸಲಿಲ್ಲ, ಹಿರಿಯ ತ್ಯಾಗಿಗಳ ದೋಷವನ್ನು ಸಭೆಯಲ್ಲಿ ಆಡಿ ತೋರಿಸಲಿಲ್ಲ. ಅವರ ಹಸಿವನ್ನು ಕಂಡ ಶ್ರಾವಕರೇ ತಳಮಳಗೊಂಡು ಬಲ್ಲವರನ್ನು ಕೇಳಿದರು, ಶಾಸ್ತ್ರವನ್ನು ತೆರೆದು ನೋಡಿದರು. ಶುದ್ಧವಸ್ತ್ರ ಧರಿಸಿ ಬಾಗಿಲಲ್ಲಿ ನಿಲ್ಲುವುದು, ಪ್ರತಿಗ್ರಹಣ, ಉಚ್ಚಾಸನ, ಪಾದಪ್ರಕ್ಷಾಳನ ಮೊದಲಾದ ಭಕ್ತಿಗಳು, ಮನ-ವಚನ-ಕಾಯ ಮತ್ತು ಆಹಾರ ಶುದ್ಧಿ ಇವೆಲ್ಲ ಕ್ರಮವಾಗಿ ಮನೆಮನೆಗೆ ಮರಳಿದವು. ಇಂದು ನಮ್ಮ ಮನೆಯ ಹೆಣ್ಣುಮಕ್ಕಳು ಕಲಶ ಹಿಡಿದು ಮುನಿಗಳ ದಾರಿ ಕಾಯುವ ಆ ಸುಂದರ ದೃಶ್ಯದ ಹಿಂದೆ ಒಬ್ಬ ತ್ಯಾಗಿಯ ಬರಿಹೊಟ್ಟೆಯ ದಿನಗಳಿವೆ ಎಂಬುದನ್ನು ಮರೆಯಬಾರದು.

ಮುಂದೆ ಗಿರನಾರ ಯಾತ್ರೆಯಲ್ಲಿ ನೇಮಿನಾಥ ಭಗವಂತರ ಚರಣಸಾಕ್ಷಿಯಾಗಿ ಅವರು ಐಲಕ ವ್ರತವನ್ನು ಸ್ವೀಕರಿಸಿದರು. ೧೯೨೦ರಲ್ಲಿ ಬೆಳಗಾವಿ ಸೀಮೆಯ ಯರನಾಳದಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದಲೇ ನಿರ್ಗ್ರಂಥ ದೀಕ್ಷೆಯಾಯಿತು. ಸಡಿಲಿಕೆಯನ್ನು ಒಪ್ಪದ ಶಿಷ್ಯರು ಗುರುವನ್ನು ತೊರೆಯಲಿಲ್ಲ. ವಿನಯವನ್ನೂ ಬಿಡದೆ ಆಗಮವನ್ನೂ ಬಿಡದೆ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ೧೯೨೪ರಲ್ಲಿ ಸಾಂಗಲಿ ಸಮೀಪದ ಸಮಡೋಳಿಯಲ್ಲಿ ಚತುರ್ವಿಧ ಸಂಘವು ಅವರನ್ನು ಆಚಾರ್ಯ ಪದದಲ್ಲಿ ಪ್ರತಿಷ್ಠಾಪಿಸಿತು. ೧೯೨೭ರಲ್ಲಿ ಸಂಘದೊಡನೆ ಪಾದಚಾರಿಗಳಾಗಿ ಹೊರಟು ೧೯೨೮ರಲ್ಲಿ ಸಮ್ಮೇದ ಶಿಖರಜಿಯನ್ನು ತಲುಪಿದರು. ದಿಗಂಬರ ಮುನಿಗಳ ದರ್ಶನವೇ ಅಪರೂಪವಾಗಿದ್ದ ಉತ್ತರದ ಊರುಗಳಲ್ಲಿ ಅವರ ವಿಹಾರವಾಯಿತು. ಧವಲ, ಜಯಧವಲ, ಮಹಾಧವಲ ಸಿದ್ಧಾಂತಗ್ರಂಥಗಳನ್ನು ತಾಮ್ರಪತ್ರಗಳಲ್ಲಿ ಕೆತ್ತಿಸುವ ಕಾರ್ಯವೂ ಅವರ ಪ್ರೇರಣೆಯಿಂದಲೇ ನಡೆಯಿತು.

ಅವರ ಉಪವಾಸಗಳ ಸಂಖ್ಯೆ ಒಂಬತ್ತು ಸಾವಿರವನ್ನು ಮೀರುತ್ತದೆಂದು ಚರಿತ್ರಕಾರರು ಲೆಕ್ಕ ಹೇಳುತ್ತಾರೆ. ೧೯೪೭ರ ಮುಂಬಯಿ ಪ್ರಾಂತದ ಹರಿಜನ ದೇವಾಲಯ ಪ್ರವೇಶದ ಶಾಸನವನ್ನು ಜೈನ ಬಸದಿಗಳಿಗೂ ಅನ್ವಯಿಸಿದಾಗ, ಜೈನಧರ್ಮವು ಸ್ವತಂತ್ರವೆಂಬ ನಿಲುವಿನಿಂದ ಅವರು ಧಾನ್ಯಾಹಾರವನ್ನು ತ್ಯಜಿಸಿದರು. ೧೯೫೧ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಬರುವವರೆಗೂ ಆ ತ್ಯಾಗ ಮುಂದುವರಿಯಿತು. ಬಸದಿಯ ಬಾಗಿಲು ಯಾರಿಗೆ ತೆರೆದಿರಬೇಕೆಂಬ ವಿಷಯದಲ್ಲಿ ನಮ್ಮವರಲ್ಲಿಯೇ ಅಂದೂ ಭಿನ್ನಾಭಿಪ್ರಾಯವಿತ್ತು, ಇಂದೂ ಇದೆ. ಆದರೆ ತಮ್ಮ ನಿಲುವಿನ ಭಾರವನ್ನು ಅವರು ಹೊರಿಸಿದ್ದು ತಮ್ಮ ದೇಹದ ಮೇಲೆಯೇ ಎಂಬುದನ್ನು ಎಲ್ಲರೂ ಒಪ್ಪಬೇಕು.

ಕೊನೆಯ ಪರೀಕ್ಷೆ ಕಣ್ಣಿನ ರೂಪದಲ್ಲಿ ಬಂದಿತು. ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಗುತ್ತ ಹೋಯಿತು. ಮುನಿಯು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕು, ಕೈಗೆ ಬಿದ್ದ ತುತ್ತನ್ನು ಶೋಧಿಸಿ ಸ್ವೀಕರಿಸಬೇಕು. ಕಣ್ಣು ಕಾಣದಿದ್ದರೆ ಈರ್ಯಾ ಸಮಿತಿ, ಏಷಣಾ ಸಮಿತಿಗಳು ಉಳಿಯುವುದೆಂತು? ಭಕ್ತರು ಕೈಹಿಡಿದು ನಡೆಸಲು ಸಿದ್ಧರಿದ್ದರು. ಕಾಲಡಿಯ ಇರುವೆಯೊಂದು ಸತ್ತರೆ ಅವರನ್ನು ಆಕ್ಷೇಪಿಸುವವರು ಯಾರೂ ಇರಲಿಲ್ಲ. ಆದರೆ ಅವರ ವ್ರತವು ಲೋಕದ ಆಕ್ಷೇಪಕ್ಕೆ ಹೆದರಿ ಹಿಡಿದದ್ದಾಗಿರಲಿಲ್ಲ. ದೇಶಭೂಷಣ-ಕುಲಭೂಷಣರ ಸಿದ್ಧಕ್ಷೇತ್ರವಾದ ಕುಂಥಲಗಿರಿಯಲ್ಲಿ ೧೯೫೫ರ ಆಗಸ್ಟ್ ತಿಂಗಳಿನಲ್ಲಿ ಸಲ್ಲೇಖನವನ್ನು ಕೈಕೊಂಡರು. ಆಚಾರ್ಯ ಪದವನ್ನು ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಒಪ್ಪಿಸಿ, ಆ ಪರಿಗ್ರಹದಿಂದಲೂ ಬಿಡುಗಡೆ ಹೊಂದಿದರು. ೩೬ ದಿನಗಳ ಸಾಧನೆಯ ನಂತರ ಸೆಪ್ಟೆಂಬರ್ ೧೮ರಂದು ಸಮಾಧಿಮರಣವನ್ನು ಹೊಂದಿದರು.

ಪಾಠಶಾಲೆಯಲ್ಲಿ ಬಹುಕಾಲ ಕಳೆದ ನನಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಮಕ್ಕಳು ಕಲಿಯುವುದು ಮೇಷ್ಟ್ರ ಮಾತಿನಿಂದ ಸ್ವಲ್ಪ, ನಡತೆಯಿಂದ ಬಹಳ. ಗುರುವನ್ನು ಅರಿಯುವ ಬಗೆಯೂ ಅದೇ. ಅವರ ಸುತ್ತ ಎಷ್ಟು ಜನ ನೆರೆದಿದ್ದಾರೆಂದು ಎಣಿಸಬೇಕಾಗಿಲ್ಲ. ನಿಯಮಕ್ಕೂ ಅನುಕೂಲಕ್ಕೂ ತಾಕಲಾಟ ಬಂದಾಗ ಅವರು ಯಾವುದನ್ನು ಬಿಟ್ಟರು ಎಂಬುದನ್ನು ನೋಡಿದರೆ ಸಾಕು. ಎಲ್ಲಿಯಾದರೂ ಕುಂದು ಕಂಡರೆ ಬೀದಿಯಲ್ಲಿ ಆಡಿಕೊಳ್ಳದಿರುವುದು ನಮ್ಮ ಉಪಗೂಹನ ಧರ್ಮ, ಕುಂದನ್ನೇ ಗುಣವೆಂದು ಪೂಜಿಸದಿರುವುದು ನಮ್ಮ ಅಮೂಢದೃಷ್ಟಿ.

ಇದೇ ಅಳತೆಗೋಲನ್ನು ನಮ್ಮ ಮೇಲೂ ಇಟ್ಟುಕೊಳ್ಳೋಣ. ಅಷ್ಟಮಿ-ಚತುರ್ದಶಿಗಳಂದು ಏಕಾಶನ ಹಿಡಿದವರನ್ನು ಸಂಜೆ ಅಡುಗೆಮನೆಯಲ್ಲಿ ಕಾಯುವವರು ಯಾರೂ ಇರುವುದಿಲ್ಲ. ಪರವೂರಿನಲ್ಲಿ ರಾತ್ರಿಭೋಜನ ಮಾಡಿದರೆ ಮನೆಯವರಿಗೆ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಉಳಿದದ್ದೇ ವ್ರತ. ಅದನ್ನು ಉಳಿಸಿಕೊಂಡವರ ಕಣ್ಣಿಗೆ ನಿಜವಾದ ಗುರು ಬಾಗಿಲಿಗೆ ಬಂದಾಗ ಗುರುತು ಸಿಗದೆ ಇರಲಾರದು. ಆ ಪರಮಗುರುಗಳ ಚರಣಗಳಿಗೆ ತ್ರಿವಾರ ನಮೋಸ್ತು.